ನ್ಯೂರಲ್ ಕ್ರೆಸ್ಟ್ ಕೋಶಗಳು ಸರಿಯಾಗಿ ಬರುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಭ್ರೂಣದಲ್ಲಿ ನರನಾಳ ಮುಚ್ಚಿಕೊಳ್ಳುವ ಹೊತ್ತಿಗೆ ಅದರ ಅಂಚಿನಿಂದ ಎದ್ದು ಹೊರಡುವ ಕೋಶಗಳೇ ನ್ಯೂರಲ್ ಕ್ರೆಸ್ಟ್. 1868ರಲ್ಲಿ ವಿಲ್‌ಹೆಲ್ಮ್ ಹಿಸ್ ಕೋಳಿಯ ಭ್ರೂಣದಲ್ಲಿ ಇವನ್ನು ಮೊದಲು ಗುರುತಿಸಿದ. ಮುಖದ ಮೂಳೆ, ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್, ಕರುಳಿನ ನರಜಾಲ, ಅಡ್ರಿನಲ್ ಗ್ರಂಥಿಯ ಒಳತಿರುಳು, ಇವೆಲ್ಲ ಹುಟ್ಟುವುದು ಇವುಗಳಿಂದಲೇ. ಮನುಷ್ಯರಲ್ಲಿ ಇದು ಬಸಿರಿನ ಮೂರು-ನಾಲ್ಕನೇ ವಾರದಲ್ಲೇ ಶುರುವಾಗುವುದರಿಂದ ನೇರವಾಗಿ ನೋಡುವ ಅವಕಾಶ ಇಲ್ಲವೆಂದೇ ಹೇಳಬೇಕು. ಹಾಗಾಗಿ ಆಕರಕೋಶಗಳಿಂದ (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳಿಂದ) ಡಿಶ್‌ನಲ್ಲಿ ಬೆಳೆಸಿ ನೋಡುತ್ತೇವೆ. ಆಗಲೇ ತಲೆನೋವು ಶುರುವಾಗುವುದು.

ಕೋಶ ಬರಲಿಲ್ಲವೆಂದರೆ ಲ್ಯಾಬ್‌ನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಪ್ರೊಟೊಕಾಲ್ ಬದಲಿಸುವುದಕ್ಕೆ. ನನ್ನ ಪ್ರಕಾರ ಅದು ಕೊನೆಗೆ ಮಾಡಬೇಕಾದ ಕೆಲಸ. ಪ್ರಕಟವಾದ ಹಾದಿಗಳಲ್ಲಿ ಹೆಚ್ಚಿನವು ಕೆಲಸ ಮಾಡುತ್ತವೆ. ಕೈಕೊಡುವುದು ಶೂನ್ಯ ದಿನಕ್ಕೆ, ಅಂದರೆ ಪ್ರಯೋಗ ಶುರುವಾಗುವ ದಿನಕ್ಕೆ, ಮುಂಚಿನ ಆಕರಕೋಶಗಳ ಸ್ಥಿತಿ, ಇಲ್ಲವೇ ಕೋಶ ಏನಾಗಬೇಕೆಂದು ಹೇಳುವ ವಿಂಟ್ ಮತ್ತು ಬಿಎಂಪಿ ಸಂಕೇತಗಳು ಡಿಶ್‌ನಲ್ಲಿರುವ ಪ್ರಮಾಣ. ಈ ಎರಡನ್ನು ನೋಡದೆ ಹೊಸ ಪ್ರೊಟೊಕಾಲ್ ಹಿಡಿದರೆ ಹಳೆಯ ದೋಷವೇ ಹೊಸ ಹೆಸರಿನಲ್ಲಿ ಮರಳಿ ಬರುತ್ತದೆ.

ಇಲ್ಲಿ ಎರಡು ಹಾದಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ತಂಡ 2016ರಲ್ಲಿ ಪ್ರಕಟಿಸಿದ ಐದು ದಿನದ ವಿಧಾನ: ಒಂಟಿ ಕೋಶಗಳಾಗಿ ಬಿಡಿಸಿ ಹಚ್ಚಿ, ಬಿ27 ಪೂರಕ ಬೆರೆಸಿದ ಡಿಎಂಇಎಂ/ಎಫ್12 ಮೀಡಿಯಂನಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ಮೊದಲ ಎರಡು ದಿನ 3 ಮೈಕ್ರೋಮೋಲಾರ್ ಸಿಎಚ್‌ಐಆರ್99021 (ವಿಂಟ್ ಸಂಕೇತ ಎಬ್ಬಿಸುವ ರಾಸಾಯನಿಕ), ಆಮೇಲೆ ಬರೀ ಮೀಡಿಯಂ. ಎರಡನೆಯದು, ಎಸ್‌ಬಿ431542 (ಟಿಜಿಎಫ್-ಬೀಟಾ ಸಂಕೇತಕ್ಕೆ ತಡೆ) ಜೊತೆ ಕಡಿಮೆ ಸಿಎಚ್‌ಐಆರ್ ಕೊಟ್ಟು ವಾರ, ಹತ್ತು ದಿನ ನಡೆಸುವ ಹಾದಿ. ಕ್ಯೋಟೊ ತಂಡ 2014ರಲ್ಲಿ ಪ್ರಕಟಿಸಿದ್ದು ಈ ಬಗೆಯದು. ಸಿಎಚ್‌ಐಆರ್ ಅನ್ನು ಲ್ಯಾಬ್‌ನಲ್ಲಿ ಎಲ್ಲರೂ ‘ಚಿರ್’ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಕೈ ಹಾಕುವ ಮುನ್ನ

ಮನುಷ್ಯ ಕೋಶಗಳ ಕೆಲಸ ಬಯೋಸೇಫ್ಟಿ ಎರಡನೇ ಹಂತದ ಹುಡ್‌ನಲ್ಲೇ ನಡೆಯಬೇಕು. ನಿಮ್ಮದೇ ರಕ್ತ ಅಥವಾ ಚರ್ಮದಿಂದ ಮಾಡಿದ ಕೋಶಸಾಲನ್ನು ನೀವೇ ಬೆಳೆಸಬೇಡಿ. ಸೂಜಿ ಚುಚ್ಚಿ ಒಳಹೋದರೆ ಪರರ ಕೋಶವನ್ನು ತಳ್ಳಿಹಾಕುವ ಹಾಗೆ ನಿಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ತಳ್ಳಿಹಾಕುವುದಿಲ್ಲ. ರಾಸಾಯನಿಕಗಳನ್ನು ಕರಗಿಸಲು ಬಳಸುವ ಡಿಎಂಎಸ್‌ಒ ಚರ್ಮದ ಮೂಲಕ ಸಲೀಸಾಗಿ ಇಳಿಯುತ್ತದೆ, ತನ್ನಲ್ಲಿ ಕರಗಿದ್ದನ್ನೂ ಒಳಗೆ ಒಯ್ಯುತ್ತದೆ. ರೆಟಿನೋಯಿಕ್ ಆಮ್ಲ ಗರ್ಭದ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಬಸುರಿಯರು, ಬಸಿರಾಗುವ ಸಾಧ್ಯತೆ ಇರುವವರು ಅದರ ಪುಡಿ ತೂಗುವ ಕೆಲಸ ಬೇರೆಯವರಿಗೆ ಬಿಡಲಿ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ: ಆರ್‌ಎನ್‌ಎ ತೆಗೆಯಲು ಬಳಸುವ ಟ್ರೈಜಾಲ್ ಇರುವ ತ್ಯಾಜ್ಯಕ್ಕೆ ಬ್ಲೀಚ್ ಸುರಿಯಬೇಡಿ, ಅದರಲ್ಲಿರುವ ಗ್ವಾನಿಡಿನ್ ಜೊತೆ ಸೇರಿ ವಿಷಾನಿಲ ಏಳುತ್ತದೆ.

ಲಕ್ಷಣ: ಮರುದಿನ ನೋಡಿದರೆ ಅರ್ಧಕ್ಕರ್ಧ ಕೋಶ ತೇಲುತ್ತಿವೆ

ಮೊದಲ ಪ್ರಶ್ನೆ, ವೈ-27632 (ಒಂಟಿ ಕೋಶ ಸಾಯದಂತೆ ಕಾಯುವ ರಾಕ್ ಇನ್ಹಿಬಿಟರ್) ಹಾಕಿದ್ದೀರಾ? ಮನುಷ್ಯ ಆಕರಕೋಶಗಳನ್ನು ಒಂಟಿಯಾಗಿ ಬಿಡಿಸಿದರೆ ಅವು ಸಾಯುವುದೇ ಹೆಚ್ಚು. 2007ರಲ್ಲಿ ಜಪಾನಿನ ತಂಡವೊಂದು ಈ ರಾಕ್ ಇನ್ಹಿಬಿಟರ್ ಸೇರಿಸಿದಾಗ ಒಂಟಿ ಕೋಶ ಕಾಲೊನಿಯಾಗುವ ಪ್ರಮಾಣ ಶೇ 1ರ ಆಸುಪಾಸಿನಿಂದ ಶೇ 27ರಷ್ಟಕ್ಕೆ ಏರಿತು. 10 ಮೈಕ್ರೋಮೋಲಾರ್ ಸಾಮಾನ್ಯ ಪ್ರಮಾಣ. ಹಚ್ಚುವ ಮೀಡಿಯಂಗಷ್ಟೇ ಅಲ್ಲ, ಬಿಡಿಸಿ ಎಣಿಸುವವರೆಗೆ ಕೋಶಗಳು ಕೂತಿರುವ ಮೀಡಿಯಂಗೂ ಹಾಕಿ. ಎಣಿಕೆಗೆಂದು ಅರ್ಧ ಗಂಟೆ ಕಾಯಿಸಿದ ಟ್ಯೂಬ್‌ನಲ್ಲೇ ಬಹಳಷ್ಟು ಕೋಶ ಹೋಗಿರುತ್ತವೆ.

ಆಮೇಲೆ ಕೋಟಿಂಗ್ ನೋಡಿ. ಕೋಶ ಅಂಟಿಕೊಳ್ಳಲೆಂದು ಡಿಶ್‌ಗೆ ಬಳಿಯುವ ಮ್ಯಾಟ್ರಿಜೆಲ್ 10 ಡಿಗ್ರಿ ದಾಟಿದರೆ ಗಟ್ಟಿಯಾಗತೊಡಗುತ್ತದೆ. ಅದನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಐಸ್ ಮೇಲೆ ಕರಗಿಸಬೇಕು, ಟಿಪ್, ಟ್ಯೂಬ್ ಎಲ್ಲ ತಣ್ಣಗಿರಬೇಕು. ಪ್ಲೇಟ್‌ನ ಒಂದು ಬದಿಯಲ್ಲಿ ಮಾತ್ರ ಕೋಶ ಹಿಡಿದಿದ್ದು ಇನ್ನೊಂದು ಬದಿ ಬೋಳಾಗಿದ್ದರೆ ಕೋಟಿಂಗ್ ಒಣಗಿದೆ, ಇಲ್ಲವೇ ಸಮನಾಗಿ ಹರಡಿಲ್ಲ. ಎಲ್ಲೆಡೆ ಒಂದೇ ಸಮ ಸತ್ತಿದ್ದರೆ ಕೋಟಿಂಗ್ ಮೇಲೆ ಅನುಮಾನ ಬೇಡ. ಕೋಶ ಬಿಡಿಸುವ ಅಕ್ಯುಟೇಸ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟಿರೋ, ಪಿಪೆಟ್‌ನಲ್ಲಿ ಜೋರಾಗಿ ಕಲಕಿದಿರೋ ಯೋಚಿಸಿ. ಸತ್ತ ಕೋಶಕ್ಕೆ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಿದರೆ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ: ಹಚ್ಚುವ ಮುಂಚೆಯೇ ಸತ್ತಿದ್ದವೋ, ಹಚ್ಚಿದ ಮೇಲೆ ಸತ್ತವೋ ಗೊತ್ತಾಗುತ್ತದೆ.

ಮೀಡಿಯಂ ಬಣ್ಣ ನೇರಳೆಗೆ ತಿರುಗಿದೆಯೇ? ಇನ್‌ಕ್ಯುಬೇಟರ್‌ನ ಕಾರ್ಬನ್ ಡೈಆಕ್ಸೈಡ್ ಅಳೆಯಿಸಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿಯ ಒತ್ತಡವೇ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಫಲಕದಲ್ಲಿ ಶೇ 5 ಎಂದಿದ್ದರೂ ಮೀಡಿಯಂಗೆ ಕರಗುವ ಅನಿಲ ಅಷ್ಟೇ ಕಡಿಮೆಯಾಗಿ ಪಿಎಚ್ 0.05ರಷ್ಟು ಮೇಲೆ ಕೂರುತ್ತದೆ. ಇಷ್ಟರಿಂದ ಕೋಶ ಸಾಯುವುದಿಲ್ಲ, ಅದರ ಮೇಲೆ ಗೂಬೆ ಕೂರಿಸಬೇಡಿ. ಆದರೆ ಸೆನ್ಸರ್ ತಾನೇ ಒಂದು ಅಂಕ ತಪ್ಪು ತೋರಿಸುತ್ತಿದ್ದರೆ ಎರಡೂ ಸೇರಿ ಕಾಡುತ್ತವೆ. ಪ್ರತ್ಯೇಕ ಮೀಟರ್‌ನಿಂದ ಅಳೆದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಒಂದು ಸಮಾಧಾನದ ಮಾತು: ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಸ್ವಲ್ಪ ಕೋಶ ಸಾಯುವುದು ಸಹಜ. ಡಿಶ್‌ಗೆ ಹಿಡಿದುಕೊಂಡಿರುವ ಕೋಶಗಳು ಹೊಳಪಾಗಿ ಹರಡಿಕೊಂಡಿದ್ದರೆ ತೇಲುವವನ್ನು ತೊಳೆದು ಮುಂದುವರಿಯಿರಿ.

ಲಕ್ಷಣ: ಕೋಶಗಳು ಚೆನ್ನಾಗಿವೆ, ಆದರೆ ಕಾಲೊನಿ ಬಿಡಿಸಿಕೊಳ್ಳುತ್ತಲೇ ಇಲ್ಲ

ಸರಿಯಾದ ಡಿಶ್‌ನಲ್ಲಿ ಮೂರು-ನಾಲ್ಕನೇ ದಿನ ಕಾಲೊನಿಯ ಅಂಚು ಸಡಿಲವಾಗುತ್ತದೆ. ಕೋಶಗಳು ಒಂದೊಂದಾಗಿ, ಎರಡು ಮೂರು ಮೂಲೆಗಳ ನಕ್ಷತ್ರದಾಕಾರದಲ್ಲಿ ಹೊರಗೆ ನಡೆಯುತ್ತವೆ. ಅಂಚು ಮೊದಲಿನಂತೆ ನುಣುಪಾಗಿ ಹೊಳೆಯುತ್ತಾ ಒಳಗೆ ಕೋಶಗಳು ಒತ್ತಿಕೊಂಡೇ ಕೂತಿದ್ದರೆ ಅವು ಇನ್ನೂ ಆಕರಕೋಶಗಳಾಗಿಯೇ ಇವೆ ಎಂದರ್ಥ. ಆಕರಕೋಶದ ಗುರುತಾದ ಆಕ್ಟ್4 ಪ್ರೊಟೀನಿಗೆ ಸ್ಟೇನ್ ಮಾಡಿದರೆ (ಆಂಟಿಬಾಡಿಯಿಂದ ಬಣ್ಣ ಹಚ್ಚಿ ನೋಡಿದರೆ) ಖಚಿತವಾಗುತ್ತದೆ.

ಕಾಸಿಲ್ಲದೆ ಆಗುವ ತಪಾಸಣೆ, ಹಳೆಯ ಮೀಡಿಯಂ ತೊಳೆದಿರಾ ಎಂಬುದು. ಆಕರಕೋಶ ಬೆಳೆಸುವ ಮೀಡಿಯಂಗಳಾದ ಇ8, ಎಂಟೀಸರ್ ಎರಡರಲ್ಲೂ ಎಫ್‌ಜಿಎಫ್2 ಮತ್ತು ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೊಟೀನ್‌ಗಳು ಇರುತ್ತವೆ, ಕೋಶವನ್ನು ಹಾಗೆಯೇ ಹಿಡಿದಿಡುವುದಕ್ಕೆಂದೇ. ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನು ಪೂರ್ತಿ ತೆಗೆಯದಿದ್ದರೆ ಅವು ಹೊಸ ಡಿಶ್‌ಗೂ ಬರುತ್ತವೆ. ಎರಡನೆಯದು ದಟ್ಟಣೆ. ಐದು ದಿನದ ವಿಧಾನದಲ್ಲಿ ಚದರ ಸೆಂಟಿಮೀಟರಿಗೆ 20,000 ಕೋಶದ ಸುತ್ತಮುತ್ತ ಹಚ್ಚುತ್ತಾರೆ. ಇದರ ಎರಡು ಮೂರು ಪಟ್ಟು ಸುರಿದರೆ ಎರಡೇ ದಿನದಲ್ಲಿ ಡಿಶ್ ತುಂಬಿ, ನಡೆಯುವುದಕ್ಕೆ ಜಾಗವೇ ಇರುವುದಿಲ್ಲ.

ಇವೆರಡೂ ಸರಿಯಿದ್ದರೆ ಅನುಮಾನ ಚಿರ್ ಮೇಲೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಈ ಒಂದು ವಯಲ್‌ನಿಂದ ಬಂದವು. ಲೇಬಲ್‌ನಲ್ಲಿ ಉಪ್ಪಿನ ರೂಪವೋ ಶುದ್ಧ ರೂಪವೋ ನೋಡಿ. ಹೈಡ್ರೋಕ್ಲೋರೈಡ್ ರೂಪದ ಅಣುತೂಕ ಹೆಚ್ಚು. ಶುದ್ಧ ರೂಪದ್ದು 465.3. ಅಂದರೆ 5 ಮಿಲಿಗ್ರಾಮ್‌ಗೆ 1.07 ಮಿಲಿಲೀಟರ್ ಡಿಎಂಎಸ್‌ಒ ಹಾಕಿದರೆ 10 ಮಿಲಿಮೋಲಾರ್ ಸ್ಟಾಕ್ ಆಗುತ್ತದೆ. ಅದರಿಂದ 10 ಮಿಲಿಲೀಟರ್ ಮೀಡಿಯಂಗೆ 3 ಮೈಕ್ರೋಲೀಟರ್ ಹಾಕಿದರೆ 3 ಮೈಕ್ರೋಮೋಲಾರ್. ಈ 3 ಮೈಕ್ರೋಲೀಟರ್ ಎಂಬುದೇ ಅಪಾಯದ ಅಳತೆ: ಹಳೆಯ ಪಿಪೆಟ್ ಅರ್ಧ ಮೈಕ್ರೋಲೀಟರ್ ತಪ್ಪಿದರೂ ಪ್ರಮಾಣ ಆರನೇ ಒಂದು ಪಾಲು ಆಚೀಚೆ ಆಗುತ್ತದೆ. ಮಧ್ಯದಲ್ಲಿ 1 ಮಿಲಿಮೋಲಾರ್ ಸ್ಟಾಕ್ ಒಂದನ್ನು ಮಾಡಿಟ್ಟುಕೊಂಡು ಅದರಿಂದ 30 ಮೈಕ್ರೋಲೀಟರ್ ಹಾಕಿ. ಡಿಎಂಎಸ್‌ಒ ಒಟ್ಟಾರೆ ಶೇ 0.3 ಆಗುತ್ತದೆ, ಕಂಟ್ರೋಲ್ ಡಿಶ್‌ಗೂ ಅಷ್ಟೇ ಹಾಕಬೇಕು. ಅಷ್ಟು ಡಿಎಂಎಸ್‌ಒ ಬೇಡವೆನಿಸಿದರೆ ಒಂದೇ ಸಲಕ್ಕೆ 50 ಮಿಲಿಲೀಟರ್ ಮೀಡಿಯಂ ಮಾಡಿ, ಮೂಲ ಸ್ಟಾಕ್‌ನಿಂದ 15 ಮೈಕ್ರೋಲೀಟರ್ ಹಾಕಿ.

ತಣ್ಣನೆಯ ಮೀಡಿಯಂಗೆ ಚಿರ್ ಬಿಟ್ಟರೆ ಅದು ಕರಗದೆ ಸಣ್ಣ ಹರಳುಗಳಾಗಿ ಕೂರುವುದುಂಟು. ಡಿಶ್‌ನಲ್ಲಿ ಕೋಶಗಳ ನಡುವೆ ಬೆಳಕಿಗೆ ಮಿಂಚುವ ಚೂರುಗಳು ಕಂಡರೆ ಕೊಳೆ ಎಂದು ಬಿಡಬೇಡಿ. ಮೀಡಿಯಂ ಬೆಚ್ಚಗಿರಲಿ, ಹಾಕಿದ ತಕ್ಷಣ ಕಲಕಿ. ಡಿಎಂಎಸ್‌ಒ 18.5 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ, ಎ.ಸಿ. ಜೋರಾಗಿರುವ ಕೋಣೆಯಲ್ಲಿ ಅಲಿಕ್ವಾಟ್ ಕರಗಿದಂತೆ ಕಂಡರೂ ತಳದಲ್ಲಿ ಗಟ್ಟಿ ಉಳಿದಿರಬಹುದು.

ಚಿರ್‌ನಲ್ಲಿ ಕಸುವು ಇದೆಯೋ ಇಲ್ಲವೋ ತಿಳಿಯಲು ಸುಲಭ ಪರೀಕ್ಷೆ ಇದೆ. ಉಳಿದ ಆಕರಕೋಶಗಳಿಗೆ 8 ಮೈಕ್ರೋಮೋಲಾರ್‌ನಂತೆ ಒಂದೆರಡು ದಿನ ಕೊಟ್ಟು, ಮೀಸೋಡರ್ಮ್‌ನ (ಭ್ರೂಣದ ನಡುಪದರದ) ಗುರುತಾದ ಬ್ರಾಕಿಯುರಿ ಸ್ಟೇನ್ ಮಾಡಿ. ಜೀವವಿರುವ ಚಿರ್ ಆದರೆ ಕೋಶಗಳು ಮೀಸೋಡರ್ಮ್ ಕಡೆ ಓಡಿ ಬ್ರಾಕಿಯುರಿ ತುಂಬಾ ಕಾಣಬೇಕು. ಏನೂ ಆಗದಿದ್ದರೆ ವಯಲ್ ಎಸೆಯಿರಿ.

ಲಕ್ಷಣ: ಹೂವಿನ ಎಸಳಿನಂತೆ ವೃತ್ತಾಕಾರದ ಗುಂಪುಗಳು

ಇವು ರೋಸೆಟ್‌ಗಳು. ಕೋಶಗಳು ನಡುವೊಂದು ಸಣ್ಣ ಬಿಂದುವಿಗೆ ಮುಖಮಾಡಿ ನಿಂತಿರುತ್ತವೆ. ನಿಮ್ಮ ಡಿಶ್ ಮಿದುಳಿನ ಕಡೆ ಹೊರಟಿದೆ; ಅದರ ಗುರುತಾದ ಪ್ಯಾಕ್ಸ್6 ಪಾಸಿಟಿವ್ ಬರುತ್ತದೆ. ರೋಸೆಟ್ ಹಾದಿಯ ಹಳೆಯ ವಿಧಾನಗಳಲ್ಲಿ ಇವು ಬರುವುದೇ ಸರಿ, ಅಂಚಿನಿಂದ ಕ್ರೆಸ್ಟ್ ಕೋಶಗಳನ್ನು ಆಯ್ದುಕೊಳ್ಳುತ್ತಾರೆ. ಮೇಲಿನ ಎರಡು ಹಾದಿಗಳಲ್ಲಿ ಇವು ತುಂಬಿಕೊಂಡರೆ ವಿಂಟ್ ಕಡಿಮೆಯಾಗಿದೆ, ಇಲ್ಲವೇ ಬಿಎಂಪಿ ಪೂರ್ತಿ ಸತ್ತಿದೆ. ನರಕೋಶದ ಪ್ರೊಟೊಕಾಲ್‌ನಿಂದ ತಂದ, ಬಿಎಂಪಿ ತಡೆಯುವ ಎಲ್‌ಡಿಎನ್ ಅಥವಾ ನಾಗಿನ್ ಹಾಗೆಯೇ ಮೀಡಿಯಂನಲ್ಲಿ ಉಳಿದುಬಿಟ್ಟಿದೆಯೇ ನೋಡಿ. ಕ್ರೆಸ್ಟ್ ಹುಟ್ಟುವುದಕ್ಕೆ ಬಿಎಂಪಿ ಸ್ವಲ್ಪ ಬೇಕೇ ಬೇಕು. ಎಲ್ಲವೂ ಸರಿಯಿದ್ದರೆ ಚಿರ್ ಅನ್ನು ಅರ್ಧ ಮೈಕ್ರೋಮೋಲಾರ್‌ನಂತೆ ಏರಿಸಿ ನೋಡಿ, ದಟ್ಟಣೆ ಇಳಿಸಿ.

ಲಕ್ಷಣ: ಕೋಶಗಳು ಹೊರಗೆ ನಡೆದಿವೆ, ಆದರೆ ಸಾಕ್ಸ್10 ಇಲ್ಲ

ಸಾಕ್ಸ್10 ಎಂಬುದು ಕ್ರೆಸ್ಟ್ ಕೋಶದ ಮುಖ್ಯ ಗುರುತು. ಈ ಲಕ್ಷಣವೇ ಎಲ್ಲಕ್ಕಿಂತ ಮೋಸದ್ದು. ನೋಟಕ್ಕೆ ಕ್ರೆಸ್ಟ್‌ನಂತಿದ್ದು ಒಳಗೆ ಬೇರೆಯೇ ಆಗಿರುವ ಎರಡು ಬಗೆಯ ಕೋಶಗಳಿವೆ.

ಚಿರ್ ಹೆಚ್ಚಾದರೆ ಮೀಸೋಡರ್ಮ್ ಬರುತ್ತದೆ. ಸಡಿಲವಾಗಿ, ಉದ್ದುದ್ದವಾಗಿ, ಚುರುಕಾಗಿ ನಡೆಯುವ ಕೋಶಗಳು. ಸೂಕ್ಷ್ಮದರ್ಶಕದಲ್ಲಿ ಕ್ರೆಸ್ಟ್‌ಗೂ ಇದಕ್ಕೂ ವ್ಯತ್ಯಾಸ ಹೇಳುವವರನ್ನು ನಾನು ನಂಬುವುದಿಲ್ಲ. ಎರಡು ಮೂರನೇ ದಿನ ಬ್ರಾಕಿಯುರಿ, ಟಿಬಿಎಕ್ಸ್6 ಪರೀಕ್ಷಿಸಿದರೆ ಸಿಕ್ಕಿಬೀಳುತ್ತವೆ; ಐದನೇ ದಿನ ನೋಡಿದರೆ ಬ್ರಾಕಿಯುರಿ ಇಳಿದುಹೋಗಿರಬಹುದು.

ಬಿಎಂಪಿ ಹೆಚ್ಚಾದರೆ ಚರ್ಮದ ಕಡೆಯ ಕೋಶಗಳು. ಇವು ಅಗಲವಾಗಿ, ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿ ಹಾಸಿಕೊಂಡಿರುತ್ತವೆ. ಕೆರಾಟಿನ್18 ಕಾಣುತ್ತದೆ. ತೊಡಕೇನೆಂದರೆ ಕ್ರೆಸ್ಟ್‌ನ ಇನ್ನೊಂದು ಗುರುತಾದ ಟಿಎಫ್‌ಎಪಿ2ಎ ಇವುಗಳಲ್ಲೂ ಪಾಸಿಟಿವ್. ಅದೊಂದನ್ನೇ ನೋಡಿ ಕ್ರೆಸ್ಟ್ ಬಂತೆಂದು ಬರೆದುಕೊಂಡರೆ ಮುಂದಿನ ತಿಂಗಳೆಲ್ಲ ವ್ಯರ್ಥ. ಫಾಕ್ಸ್‌ಡಿ3 ಕೂಡ ಒಂಟಿಯಾಗಿ ಸಾಕ್ಷಿ ಹೇಳಲಾರದು, ಆಕರಕೋಶಗಳಲ್ಲೇ ಅದು ಇರುತ್ತದೆ. ಎಚ್‌ಎನ್‌ಕೆ1 ಎಂಬುದು ಸಕ್ಕರೆಯ ಗುರುತು, ಕ್ರೆಸ್ಟ್‌ಗೆ ಮಾತ್ರ ಮೀಸಲಲ್ಲ. ಪಿ75 ಅಷ್ಟಿಷ್ಟು ಬೇರೆಡೆಯೂ ಕಾಣುತ್ತದೆ. ಹಾಗಾಗಿ ಸಾಕ್ಸ್10 ಮತ್ತು ಟಿಎಫ್‌ಎಪಿ2ಎ ಒಂದೇ ಕೋಶದಲ್ಲಿ ಎರಡೂ ಇರಬೇಕು, ಪ್ಯಾಕ್ಸ್6 ಮತ್ತು ಆಕ್ಟ್4 ಎರಡೂ ಇರಬಾರದು ಎಂಬುದು ನಾನು ಹಿಡಿದಿರುವ ನಿಯಮ.

ಜೀನ್ ಎಷ್ಟು ಕೆಲಸ ಮಾಡುತ್ತಿದೆಯೆಂದು ಅಳೆಯುವ ಕ್ಯೂಪಿಸಿಆರ್‌ನ ಅಂಕಿಗಳಿಗೂ ಇಲ್ಲಿ ಮರುಳಾಗಬೇಡಿ. ಆಕರಕೋಶಗಳಲ್ಲಿ ಸಾಕ್ಸ್10 ಶೂನ್ಯಕ್ಕೆ ಹತ್ತಿರವಿರುವುದರಿಂದ, ನೂರರಲ್ಲಿ ಮೂರು ಕೋಶ ಕ್ರೆಸ್ಟ್ ಆದರೂ ಸಾವಿರ ಪಟ್ಟು ಏರಿಕೆ ಎಂದು ಚಾರ್ಟ್ ತೋರಿಸಬಹುದು. ಸ್ಟೇನ್ ಮಾಡಿ, ನೂರರಲ್ಲಿ ಎಷ್ಟು ಎಂದು ಎಣಿಸಿ.

ಲಕ್ಷಣ: ಕೋಶ ನೋಡಿದರೆ ಸರಿ, ಸ್ಟೇನ್ ಮಾತ್ರ ಖಾಲಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಂಟಿಬಾಡಿಯನ್ನು ಬಯ್ಯುವ ಮುಂಚೆ ನಾಲ್ಕು ವಿಷಯ ನೋಡಿಕೊಳ್ಳಿ. ಬಹಳ ಕಡೆ ಬಳಕೆಯಲ್ಲಿರುವ ಎಚ್‌ಎನ್‌ಕೆ1 ಆಂಟಿಬಾಡಿ ಇಲಿಯ ಐಜಿಎಂ ವರ್ಗದ್ದು. ಎಲ್ಲದಕ್ಕೂ ಬಳಸುವ ಐಜಿಜಿಯ ಸೆಕೆಂಡರಿ (ಮೊದಲ ಆಂಟಿಬಾಡಿಯನ್ನು ಹಿಡಿದು ಬೆಳಗುವ ಎರಡನೇ ಆಂಟಿಬಾಡಿ) ಹಾಕಿದರೆ ಅದು ಹಿಡಿಯುವುದೇ ಇಲ್ಲ. ಡಿಶ್ ಎಷ್ಟೇ ಚೆನ್ನಾಗಿರಲಿ, ಕಪ್ಪಾಗಿಯೇ ಕಾಣುತ್ತದೆ. ಪಿ75 ಕೋಶದ ಮೇಲ್ಮೈಯಲ್ಲಿರುವುದು. ಟ್ರಿಪ್ಸಿನ್‌ನಿಂದ ಬಿಡಿಸಿದರೆ ಹೊರಭಾಗವೇ ಕತ್ತರಿಸಿಹೋಗಬಹುದು, ಅಕ್ಯುಟೇಸ್ ಬಳಸಿ. ಸಾಕ್ಸ್10 ಕೋಶಕೇಂದ್ರದೊಳಗೆ ಇರುವುದರಿಂದ ಪೊರೆಯಲ್ಲಿ ದಾರಿ ಮಾಡುವ ಟ್ರೈಟಾನ್ ಸಾಲದೆ ಹೋದರೆ ಆಂಟಿಬಾಡಿ ಒಳಗೆ ಹೋಗುವುದಿಲ್ಲ. ಬಣ್ಣ ಕೇಂದ್ರದ ಹೊರಗೆ ಮಂಜಿನಂತೆ ಹರಡಿದ್ದರೆ ಅದು ಸಾಕ್ಸ್10 ಅಲ್ಲ, ಹಿನ್ನೆಲೆ ಕೊಳೆ. ಕೊನೆಯದು ಸಮಯ: ಸಾಕ್ಸ್10 ತಡವಾಗಿ ಬರುವ ಗುರುತು. ಐದು ದಿನದ ಹಾದಿಯಲ್ಲಿ ಮೂರನೇ ದಿನಕ್ಕೆ ಹುಡುಕಿದರೆ ಪ್ಯಾಕ್ಸ್3, ಪ್ಯಾಕ್ಸ್7 ಸಿಗಬಹುದು, ಸಾಕ್ಸ್10 ಸಿಗದು.

ಪಾಸಿಟಿವ್ ಕಂಟ್ರೋಲ್‌ಗೆ ಮೆಲನೋಮಾ ಕೋಶಸಾಲು ಸಾಕು. ಮೆಲನೋಸೈಟ್‌ಗಳು ಕ್ರೆಸ್ಟ್‌ನ ಕುಡಿಗಳೇ ಆದ್ದರಿಂದ ಮೆಲನೋಮಾಗಳಲ್ಲಿ ಬಹುತೇಕ ಸಾಕ್ಸ್10 ಉಳಿದಿರುತ್ತದೆ. ಪಕ್ಕದ ಕ್ಯಾನ್ಸರ್ ಲ್ಯಾಬ್‌ನಲ್ಲಿ ಕೇಳಿದರೆ ಒಂದು ಸ್ಲೈಡ್ ಕೊಡದೆ ಇರಲಾರರು. ನೆಗೆಟಿವ್‌ಗೆ ನಿಮ್ಮದೇ ಆಕರಕೋಶಗಳು. ಪ್ಯಾರಾಫಾರ್ಮಾಲ್ಡಿಹೈಡ್ ಕೆಲಸ ಫ್ಯೂಮ್ ಹುಡ್‌ನಲ್ಲಿ ಮಾತ್ರ. ಕೋಶ ಬೆಳೆಸುವ ಹುಡ್ ಆ ಆವಿಯನ್ನು ಕೋಣೆಗೇ ತಿರುಗಿಸಿ ಬಿಡುವಂಥದ್ದಾಗಿರಬಹುದು.

ಲಕ್ಷಣ: ಹೋದ ತಿಂಗಳು ಬಂದಿತ್ತು, ಈಗ ಇಲ್ಲ, ಆ ಸಾಲಿಗೆ ಬರುತ್ತದೆ, ಈ ಸಾಲಿಗೆ ಇಲ್ಲ

ಮೊದಲು ನೋಟ್‌ಬುಕ್ ತೆರೆದು ಎರಡು ಬಾರಿಯ ಲಾಟ್ ನಂಬರ್‌ಗಳನ್ನು ಅಕ್ಕಪಕ್ಕ ಬರೆಯಿರಿ. ಬಿ27, ಬಿಎಸ್‌ಎ, ಮ್ಯಾಟ್ರಿಜೆಲ್, ಚಿರ್. ಇವುಗಳಲ್ಲಿ ಮೊದಲ ಮೂರು ಲಾಟ್‌ನಿಂದ ಲಾಟ್‌ಗೆ ಬದಲಾಗುವ ಜೈವಿಕ ವಸ್ತುಗಳು. ಹೊರದೇಶದಿಂದ ಡ್ರೈ ಐಸ್‌ನಲ್ಲಿ ಬಂದ ಪೆಟ್ಟಿಗೆ ಕಸ್ಟಮ್ಸ್‌ನಲ್ಲಿ ಕೂತು ತೆರೆದಾಗ ಐಸ್ ಮುಗಿದಿತ್ತೇ ಎಂಬುದನ್ನೂ ನೆನಪಿಸಿಕೊಳ್ಳಿ.

ಲಾಟ್ ಒಂದೇ ಆಗಿದ್ದರೆ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾದ ಪರೀಕ್ಷೆ. ಇದಕ್ಕೆ ಕೋಶಭಿತ್ತಿ ಇಲ್ಲದ ಕಾರಣ ಪೆನಿಸಿಲಿನ್ ನಾಟುವುದಿಲ್ಲ, 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳುತ್ತದೆ, ಮೀಡಿಯಂ ಕದಡುವುದಿಲ್ಲ. ಪಿಸಿಆರ್ ಮಾಡದೆ ತಿಳಿಯುವುದಿಲ್ಲ. ಪಾಸಿಟಿವ್ ಬಂದರೆ ಅಲ್ಲಿಗೆ ನಿಲ್ಲಿಸಿ. ಡಿಶ್‌ಗಳನ್ನು ನಾಶಮಾಡಿ ಹಳೆಯ ಶುದ್ಧ ವಯಲ್‌ನಿಂದ ಶುರುಮಾಡುವುದು ಔಷಧಿ ಹಾಕಿ ಉಳಿಸಿಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಅದೇ ಇನ್‌ಕ್ಯುಬೇಟರ್ ಬಳಸುವ ಎಲ್ಲರಿಗೂ ಅಂದೇ ತಿಳಿಸಬೇಕು, ಮುಜುಗರಪಟ್ಟು ಮುಚ್ಚಿಡುವಂಥದ್ದಲ್ಲ.

ಸಾಲಿನಿಂದ ಸಾಲಿಗೆ ವ್ಯತ್ಯಾಸವೇಕೆ? ಕೋಶಗಳು ತಾವೇ ಬಿಎಂಪಿ ಸುರಿಸುತ್ತವೆ, ಒಂದೊಂದು ಸಾಲು ಒಂದೊಂದು ಪ್ರಮಾಣದಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ತಂಡ 2017ರಲ್ಲಿ ಇದಕ್ಕೊಂದು ಜಾಣ ಪರಿಹಾರ ಕೊಟ್ಟಿತು. ಹೊರಗಿನಿಂದ ಬಿಎಂಪಿ4 ಅನ್ನು ಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟು, ಡಿಎಂಎಚ್1 ಎಂಬ ತಡೆಯಿಂದ ಅದನ್ನು ಬೇಕಾದ ಮಟ್ಟಕ್ಕೆ ಇಳಿಸುವುದು. ಕೋಶಗಳೇ ಸುರಿಸಿದ ಹೆಚ್ಚು ಕಡಿಮೆ ಅದರಲ್ಲಿ ಮುಳುಗಿಹೋಗುತ್ತದೆ. ಎರಡು ಮೂರಕ್ಕಿಂತ ಹೆಚ್ಚು ಸಾಲುಗಳನ್ನು, ಅದರಲ್ಲೂ ರೋಗಿಗಳ ಐಪಿಎಸ್ ಕೋಶಗಳನ್ನು (ರಕ್ತ ಅಥವಾ ಚರ್ಮದಿಂದ ಮಾಡಿದ ಆಕರಕೋಶಗಳನ್ನು) ಹೋಲಿಸುವವರಿಗೆ ಇದು ತಕ್ಕ ಹಾದಿ. ಒಂದೇ ಸಾಲಿನಲ್ಲಿ ಕೆಲಸ ಮಾಡುವವರಿಗೆ ಅಷ್ಟು ಖರ್ಚು ಬೇಡ. 1, 1.5, 2, 2.5, 3, 3.5 ಮೈಕ್ರೋಮೋಲಾರ್ ಚಿರ್ ಹಾಕಿದ ಆರು ಬಾವಿಗಳ (ಗುಳಿಗಳ) ಒಂದು ಪ್ಲೇಟ್ ಸಾಕು. ಹೆಚ್ಚು ಸಾಕ್ಸ್10, ಕಡಿಮೆ ಪ್ಯಾಕ್ಸ್6 ಇರುವ ಬಾವಿಯೇ ನಿಮ್ಮ ಪ್ರಮಾಣ. 1998ರಲ್ಲಿ ವಿಸ್ಕಾನ್ಸಿನ್‌ನಲ್ಲಿ ರೂಪುಗೊಂಡ ಎಚ್9 ಸಾಲಿಗೆ ಒಗ್ಗಿದ ಪ್ರಮಾಣ, ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಬಿಜೆಎನ್‌ಹೆಮ್20ಗೂ ಒಗ್ಗಲೇಬೇಕೆಂದಿಲ್ಲ. ಹೊಸ ಲಾಟ್ ಚಿರ್ ಬಂದಾಗಲೂ ಇದೇ ಪ್ಲೇಟ್ ಮತ್ತೊಮ್ಮೆ.

ಇಷ್ಟಾದರೂ ಬಾರದಿದ್ದರೆ ವರ್ಣತಂತು ಪರೀಕ್ಷೆಗೆ ಹಣ ಖರ್ಚು ಮಾಡುವ ಹೊತ್ತು. 20ನೇ ವರ್ಣತಂತುವಿನ 20ಕ್ಯೂ11.21 ಭಾಗ ಇಮ್ಮಡಿಯಾಗುವುದು ಆಕರಕೋಶಗಳ ಹಳೆಯ ಕಾಯಿಲೆ. 2011ರ ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ ಐದರಲ್ಲಿ ಒಂದಕ್ಕೂ ಹೆಚ್ಚು ಸಾಲುಗಳಲ್ಲಿ ಅದು ಕಂಡಿತ್ತು. ಅಲ್ಲಿರುವ ಬಿಸಿಎಲ್2ಎಲ್1 ಜೀನ್ ಕೋಶ ಸಾಯದಂತೆ ಕಾಯುತ್ತದೆ. ಹೀಗಾಗಿ ಆ ಕೋಶಗಳು ಡಿಶ್‌ನಲ್ಲಿ ಉಳಿದವನ್ನು ಹಿಂದೆ ಹಾಕಿ ತುಂಬಿಕೊಳ್ಳುತ್ತವೆ, ನರಪದರದ ಕಡೆ ಮಾತ್ರ ಸರಿಯಾಗಿ ಹೊರಡುವುದಿಲ್ಲ. ‘ಈಚೆಗೆ ಕೋಶಗಳು ತುಂಬಾ ಚೆನ್ನಾಗಿ ಬೆಳೆಯುತ್ತಿವೆ, ಸಾಯುವುದೇ ಇಲ್ಲ’ ಎಂದು ಯಾರಾದರೂ ಹಿಗ್ಗಿದರೆ ನನಗೆ ದಿಗಿಲಾಗುವುದು ಇದಕ್ಕೇ. ವರ್ಣತಂತುಗಳಿಗೆ ಬಣ್ಣ ಹಾಕಿ ನೋಡುವ ಸಾಮಾನ್ಯ ಜಿ-ಬ್ಯಾಂಡಿಂಗ್ ಇದನ್ನು ಹೆಚ್ಚಾಗಿ ಹಿಡಿಯುವುದಿಲ್ಲ, ತುಣುಕು ಅಷ್ಟು ಸಣ್ಣದು. ಆ ಜಾಗಕ್ಕೇ ಮಾಡಿದ ಕ್ಯೂಪಿಸಿಆರ್ ಅಥವಾ ಫಿಶ್ ಎಂಬ ಪರೀಕ್ಷೆ ಕೇಳಿ.

ಲಕ್ಷಣ: ಬಂದ ಕೋಶಗಳನ್ನು ಬೆಳೆಸಹೋದರೆ ಬದಲಾಗುತ್ತಿವೆ

ಭ್ರೂಣದಲ್ಲಿ ಕ್ರೆಸ್ಟ್ ಕೋಶಗಳು ತಂಗುವುದಿಲ್ಲ. ಹೊರಟವು ದಾರಿಯಲ್ಲೇ ಏನಾದರೊಂದು ಆಗಿಬಿಡುತ್ತವೆ. ಡಿಶ್‌ನಲ್ಲಿ ಹಿಡಿದು ನಿಲ್ಲಿಸುವುದೇ ಒತ್ತಾಯದ ಕೆಲಸ, ಆ ಒತ್ತಾಯಕ್ಕೆ ಮಿತಿಯಿದೆ. ಫೈಬ್ರೊನೆಕ್ಟಿನ್ ಮೇಲೆ, ಎಸ್‌ಬಿ431542 10 ಮೈಕ್ರೋಮೋಲಾರ್, ಇಜಿಎಫ್ ಮತ್ತು ಎಫ್‌ಜಿಎಫ್2 ಮಿಲಿಲೀಟರಿಗೆ 20 ನ್ಯಾನೋಗ್ರಾಮ್‌ನಂತೆ ಕೊಟ್ಟು ಹಲವು ಪ್ಯಾಸೇಜ್ (ಬಿಡಿಸಿ ಹೊಸ ಡಿಶ್‌ಗೆ ಹಚ್ಚುವ ಸುತ್ತು) ನಡೆಸಬಹುದು.

ಕೋಶಗಳು ಉದ್ದವಾಗಿ, ಒಂದೇ ದಿಕ್ಕಿಗೆ ಸಾಲುಗಟ್ಟಿ ಮಲಗತೊಡಗಿದರೆ ಅವು ಮೆಸೆಂಕೈಮ್ ಆಗುತ್ತಿವೆ. ಸಾಕ್ಸ್10 ಹೋಗಿ ಸಿಡಿ73, ಸಿಡಿ90, ಸಿಡಿ105 ಏರುತ್ತವೆ. ಮೊದಲ ಅನುಮಾನ ಸೀರಮ್: ಟ್ರಿಪ್ಸಿನ್ ನಿಲ್ಲಿಸಲೆಂದು ಹಾಕಿದ ಒಂದು ಹನಿಯೂ ಸಾಲುತ್ತದೆ. ಎರಡನೆಯದು ಎಸ್‌ಬಿಯ ವಯಸ್ಸು. ಬದಲಿಗೆ ತೆಳ್ಳನೆಯ ಉದ್ದ ಬಾಲಗಳು ಚಾಚಿ ಕೋಶಗಳ ಗುಂಪುಗಳು ಒಂದಕ್ಕೊಂದು ತಂತಿ ಕಟ್ಟಿದರೆ ಅವು ನರಕೋಶಗಳಾಗುತ್ತಿವೆ. ಎಫ್‌ಜಿಎಫ್2 ಸಾಲದು ಎಂದರ್ಥ. 37 ಡಿಗ್ರಿಯಲ್ಲಿ ಅದರ ಕಸುವು ಬೇಗ ಕುಂದುವುದರಿಂದ ದಿನಬಿಟ್ಟು ದಿನ ಮೀಡಿಯಂ ಬದಲಿಸುವವರ ಡಿಶ್‌ನಲ್ಲಿ ಇದು ಹೆಚ್ಚು. ದಿನವೂ ಬದಲಿಸಿ, ಡಿಶ್ ಪೂರ್ತಿ ತುಂಬುವ ಮುಂಚೆ ಬಿಡಿಸಿ.

ನನ್ನ ಸಲಹೆ ಕೇಳಿದರೆ, ಹತ್ತಾರು ಪ್ಯಾಸೇಜ್ ಓಡಿಸುವ ಹಂಬಲ ಬಿಡಿ. ಮೊದಲ ಒಂದೆರಡು ಪ್ಯಾಸೇಜ್‌ನಲ್ಲೇ ಪಿ75 ಹೆಚ್ಚಿರುವ ಕೋಶಗಳನ್ನು ಸಾರ್ಟ್ ಮಾಡಿ, ಶೇ 10 ಡಿಎಂಎಸ್‌ಒದಲ್ಲಿ ಬ್ಯಾಂಕ್ ಮಾಡಿ, ಪ್ರತಿ ಪ್ರಯೋಗಕ್ಕೂ ಹೊಸ ವಯಲ್ ತೆಗೆಯಿರಿ. ದ್ರವ ಸಾರಜನಕದಿಂದ ವಯಲ್ ತೆಗೆಯುವಾಗ ಮುಖಕವಚ ಕಡ್ಡಾಯ. ದ್ರವದೊಳಗೆ ಮುಳುಗಿದ್ದ ವಯಲ್‌ಗೆ ಸಾರಜನಕ ನುಗ್ಗಿದ್ದರೆ ಹೊರಗೆ ತಂದಾಗ ಸಿಡಿಯುತ್ತದೆ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ಕ್ಯಾನ್ ತುಂಬಬೇಡಿ, ಸಾರಜನಕ ಹರಡಿ ಆಮ್ಲಜನಕ ಇಳಿದರೆ ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ.

ಲಕ್ಷಣ: ಕ್ರೆಸ್ಟ್ ಅಪ್ಪಟ, ಆದರೆ ಬೇಕಾದ ಕೋಶವಾಗಿ ಮಾರ್ಪಡುತ್ತಿಲ್ಲ

ಸಾಕ್ಸ್10 ಶೇ 80 ಇದ್ದರೂ ಸಿಂಪಥೆಟಿಕ್ ನರಕೋಶ ಬರುತ್ತಿಲ್ಲ ಎಂಬ ದೂರು ಸಾಮಾನ್ಯ. ದೋಷ ಮುಂದಿನ ಹಂತದಲ್ಲಿಲ್ಲ, ಕ್ರೆಸ್ಟ್‌ನ ವಿಳಾಸದಲ್ಲಿದೆ. ಮೇಲಿನ ಎರಡೂ ಹಾದಿಗಳು ಕೊಡುವುದು ಬಹುಪಾಲು ತಲೆಭಾಗದ ಕ್ರೆಸ್ಟ್. ದೇಹದ ಯಾವ ಭಾಗವೆಂದು ಹೇಳುವ ಹಾಕ್ಸ್ ಜೀನ್‌ಗಳು ಅದರಲ್ಲಿ ಮೌನ. ಮೂಳೆ, ಮೃದ್ವಸ್ಥಿಗೆ ಅದು ಸರಿ. ಕರುಳಿನ ನರಗಳಿಗೆ ಕತ್ತಿನ ಭಾಗದ ಕ್ರೆಸ್ಟ್ ಬೇಕು, ಅದಕ್ಕೆ ನಡುವೆ ರೆಟಿನೋಯಿಕ್ ಆಮ್ಲ ಕೊಡಬೇಕು. ಹಿರ್ಶ್‌ಸ್ಪ್ರಂಗ್ ಕಾಯಿಲೆಯ (ಕರುಳಿನ ಒಂದು ಭಾಗದಲ್ಲಿ ನರಕೋಶಗಳೇ ಇಲ್ಲದ ಹುಟ್ಟುಕಾಯಿಲೆ) ಅಧ್ಯಯನಕ್ಕಾಗಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ತಂಡ 2016ರಲ್ಲಿ ತೋರಿಸಿದ್ದು ಇದನ್ನೇ. ಸಿಂಪಥೆಟಿಕ್ ನರಕೋಶ ಮತ್ತು ಅಡ್ರಿನಲ್ ಕೋಶಗಳಿಗೆ ಮುಂಡಭಾಗದ್ದು ಬೇಕು. ಅದಕ್ಕೆ ಮೊದಲು ಚಿರ್ ಮತ್ತು ಎಫ್‌ಜಿಎಫ್2 ಕೊಟ್ಟು ನರವೂ ಮೀಸೋಡರ್ಮೂ ಆಗಬಲ್ಲ ನ್ಯೂರೋಮೀಸೋಡರ್ಮಲ್ ಹಂತ ದಾಟಿಸಬೇಕು, 2018ರಲ್ಲಿ ಶೆಫೀಲ್ಡ್ ತಂಡ ವಿವರಿಸಿದಂತೆ. ಹಾಕ್ಸ್‌ಬಿ5, ಹಾಕ್ಸ್‌ಸಿ9 ಎರಡರ ಕ್ಯೂಪಿಸಿಆರ್ ಮಾಡಿದರೆ ನಿಮ್ಮ ಕೋಶ ಎಲ್ಲಿಯದೆಂದು ತಿಳಿಯುತ್ತದೆ. ಹಾಕ್ಸ್ ಇಲ್ಲದಿರಬೇಕಾದ ಕಡೆ ಇದ್ದರೆ ಬಿ27 ಬಾಟಲಿ ನೋಡಿ: ವಿಟಮಿನ್ ಎ ಇರುವ ಬಗೆಯೂ ಇಲ್ಲದ ಬಗೆಯೂ ಬರುತ್ತವೆ, ವಿಟಮಿನ್ ಎ ಇಂದಲೇ ರೆಟಿನೋಯಿಕ್ ಆಮ್ಲ ಆಗುವುದು.

ನಿಲ್ಲಿಸಿ, ಕೇಳಬೇಕಾದ ಹಂತ

ಹೊಸ ಚಿರ್, ಹೊಸ ವಯಲ್ ಕೋಶ, ಆರು ಪ್ರಮಾಣಗಳ ಪ್ಲೇಟ್, ಮೈಕೋಪ್ಲಾಸ್ಮಾ ನೆಗೆಟಿವ್, ಇಷ್ಟಾದ ಮೇಲೂ ಯಾವ ಬಾವಿಯಲ್ಲೂ ಸಾಕ್ಸ್10 ಕಾಣದಿದ್ದರೆ ಒಬ್ಬರೇ ಮುಂದುವರಿಯಬೇಡಿ. ಆಕರಕೋಶ ಕೆಲಸದಲ್ಲಿ ಪಳಗಿದ ಲ್ಯಾಬ್ ಒಂದಕ್ಕೆ ನಿಮ್ಮ ಕೋಶ ಕೊಟ್ಟು ಅವರ ಮೀಡಿಯಂನಲ್ಲಿ, ಅವರ ಕೋಶ ತಂದು ನಿಮ್ಮ ಮೀಡಿಯಂನಲ್ಲಿ ಒಂದು ಬಾರಿ ನಡೆಸಿ. ದೋಷ ಕೋಶದ್ದೋ ಮೀಡಿಯಂದೋ ಆ ಒಂದೇ ಅದಲುಬದಲಿನಲ್ಲಿ ಬೇರ್ಪಡುತ್ತದೆ. ಬೆಂಗಳೂರಿನಲ್ಲಿರುವವರಿಗೆ ಇನ್‌ಸ್ಟೆಮ್, ಜೆಎನ್‌ಸಿಎಎಸ್‌ಆರ್ ಸಂಶೋಧನಾ ಸಂಸ್ಥೆಗಳು ಹತ್ತಿರದಲ್ಲೇ ಇವೆ. ಕೇಳಲು ಹೋಗುವಾಗ ಒಂದನೇ, ಮೂರನೇ, ಐದನೇ ದಿನದ ಚಿತ್ರಗಳು, ಶೂನ್ಯ ದಿನದ ಕಾಲೊನಿಯ ಚಿತ್ರ, ಪ್ಯಾಸೇಜ್ ಸಂಖ್ಯೆ, ಲಾಟ್ ನಂಬರ್‌ಗಳು ಕೈಯಲ್ಲಿರಲಿ. ‘ಬರುತ್ತಿಲ್ಲ ಸಾರ್’ ಎಂದಷ್ಟೇ ಹೇಳಿದರೆ ಯಾರೂ ಏನೂ ಮಾಡಲಾರರು. ಕೋಶ ಸಾಗಿಸುವ ಮುನ್ನ ಎರಡೂ ಸಂಸ್ಥೆಗಳ ಆಕರಕೋಶ ಸಂಶೋಧನಾ ಸಮಿತಿಗಳ ಒಪ್ಪಿಗೆ ಬೇಕೇ ಎಂದು ಕೇಳಿಕೊಳ್ಳಿ; ಐಸಿಎಂಆರ್ ಮತ್ತು ಡಿಬಿಟಿಯ 2017ರ ರಾಷ್ಟ್ರೀಯ ಮಾರ್ಗಸೂಚಿ ಇಂಥ ಸಮಿತಿಗಳನ್ನು ಕಡ್ಡಾಯ ಮಾಡಿದೆ. ಪ್ರಾಣಿಗಳಿಗೆ ಹಾಕುವ ಯೋಜನೆ ಇದ್ದರೆ ಆಕ್ಟ್4 ಉಳಿದಿಲ್ಲವೆಂದು ಫ್ಲೋ ಸೈಟೊಮೆಟ್ರಿಯಲ್ಲಿ ತೋರಿಸದೆ ಹೋಗಬೇಡಿ, ಉಳಿದ ಕೆಲವೇ ಆಕರಕೋಶಗಳೂ ಟೆರಟೋಮಾ ಗೆಡ್ಡೆ ಕಟ್ಟಬಲ್ಲವು. ಸಂಶೋಧನೆಗೆಂದು ಬೆಳೆಸಿದ ಈ ಕೋಶಗಳನ್ನು ಯಾವ ಕಾರಣಕ್ಕೂ ಮನುಷ್ಯರ ಮೈಗೆ ಹಾಕುವಂತಿಲ್ಲ, ಯಾವ ಕ್ಲಿನಿಕ್ ಕೇಳಿದರೂ ಕೊಡುವಂತಿಲ್ಲ.